ಬ್ಯಾಟಿನ ಹಿಡಿ

ಘುಮ್ಮನ್ ಇರಲಿ, ಗೊಂದಲ್ ಬೇಡ, ಅಂದ ದರ್ಜಿ ಸಿಬ್ತೈನ್.
ಗೊಂದಲ್ ಇಲ್ಲದೆ ಮೂರನೇ ಕ್ರಮಾಂಕಕ್ಕೆ
ನಿಮ್ಮಪ್ಪ ಬರ್ತಾನಾ, ಅಂದ ಮೊಟ್ಟೆ ಮಾರುವ ಇದ್ರೀಸ್.
ಗೊಂದಲ್ ಬೇಕೋ ಬೇಡವೋ ಎಂಬ ಗೊಂದಲದಲ್ಲೇ
ಒಂದು ಕೆಟಲು ಚಹಾ ಮುಗಿದು ಇನ್ನೊಂದು ಬಂತು.
ತಂದವನು ನಾನು. ಆಗ ನನಗೆ ಹನ್ನೆರಡು.
ಸಿಯಾಲ್‌ಕೋಟಿನ ಡಿಸೆಂಬರು. ಐಕ್ ನಾಲೆಯಿಂದ ಎದ್ದ ಮಂಜು
ಅಂಗಡಿಯ ಬಾಗಿಲಲ್ಲಿ ನಿಂತು ಮಾತು ಕೇಳುತ್ತಿತ್ತು.

ಅವನು ಹನ್ನೊಂದು ಇನಿಂಗ್ಸಿಂದ ಐವತ್ತು ಕಂಡಿಲ್ಲ.
ಇವನು ಕರಾಚಿಯಲ್ಲಿ ಶತಕ ಬಾರಿಸಿ ಇನ್ನೂ ಆರು ದಿನ ಆಗಿಲ್ಲ.
ಕರಾಚಿಯ ಪಿಚ್ಚಲ್ಲಿ ನನ್ನ ಅತ್ತೆಯೂ ಬಾರಿಸ್ತಾಳೆ.
ಕುಣಿಯಲಾರದವನಿಗೆ ಪಿಚ್ಚು ಡೊಂಕು, ಬಿಡಪ್ಪ.
ಅವನಿಗೆ ಬೋರ್ಡಿನಲ್ಲಿ ಮಾವ ಇದ್ದಾನೆ.
ಇವನಿಗೆ ಮಾವನ ಮಗಳನ್ನೇ ಕೊಟ್ಟಿದ್ದಾರೆ.
ಏನೇ ಹೇಳಿ, ಗೊಂದಲನಿಗೆ ಲಯ ತಪ್ಪಿದೆ, ಅಂದರು ಕೊನೆಗೆ,
ಬಾವಿಗೆ ಬಿದ್ದ ಕೊಡದ ಬಗ್ಗೆ ಮಾತಾಡುವ ಹಾಗೆ.

ಮೂಲೆಯಲ್ಲಿ ನನ್ನ ಉಸ್ತಾದ್, ಬರ್ಕತ್ ಮಸೀಹ್,
ತೊಡೆಗಳ ನಡುವೆ ಬ್ಯಾಟು ಇರುಕಿಕೊಂಡು, ಮಾತಿಲ್ಲ.
ಎರಡು ಬ್ಯಾಟೂ ಅವತ್ತೇ ರಿಪೇರಿಗೆ ಬಂದಿದ್ದವು
ಒಂದೇ ಗೋಣಿಯಲ್ಲಿ, ಜಗಳವಾಡಿದ ಅಣ್ಣತಮ್ಮಂದಿರಂತೆ
ಬೆನ್ನಿಗೆ ಬೆನ್ನು ಹಾಕಿ.
ಬಾ ಇಲ್ಲಿ, ಓದು, ಅಂದ.
ನನಗೆ ಓದು ಬರುತ್ತಿರಲಿಲ್ಲ. ಅವನಿಗೂ.

ಘುಮ್ಮನನ ಬ್ಯಾಟು: ಅಂಚಿನುದ್ದ ಕೆಂಪು, ಬುಡದಲ್ಲಿ ಕೆಂಪು,
ಹೆಗಲಲ್ಲೊಂದು. ಸಿಡುಬೆದ್ದ ಮುಖ.
ಕರಾಚಿಯವರು ನಾಲ್ಕು ಕ್ಯಾಚಾದರೂ ಬಿಟ್ಟಿದ್ದಾರೆ, ಅಂದ ಉಸ್ತಾದ್,
ಆಟ ನೋಡಿರದವನು.
ಗೊಂದಲನದು: ಮೈಯೆಲ್ಲ ಬಿಳಿ, ನಡುವೆ ಮಾತ್ರ
ಒಂದರ ಮೇಲೊಂದು, ಒಂದರ ಮೇಲೊಂದು ಬಿದ್ದ ಗುರುತು
ಇದ್ರೀಸನ ಒಂದು ಮೊಟ್ಟೆಯಿಂದ ಮುಚ್ಚಬಹುದಾದಷ್ಟು ಜಾಗದಲ್ಲಿ.

ಹಾಗಾದರೆ ಹೇಳಿ ಅವರಿಗೆ, ಅಂದೆ.
ನೆಟ್ಸಿನ ಗುರುತೂ ಕೆಂಪೇ, ಅಂದ.
ಫೀಲ್ಡರ್ ಇಲ್ಲದ ಕಡೆ ಎಲ್ಲರೂ ಬಾದಶಹರೇ.
ಬ್ಯಾಟು ತಲೆಕೆಳಗು ಮಾಡಿ ಹಿಡಿ ತೋರಿಸಿದ:
ಕೆಳಗೈ ಕೂರುವಲ್ಲಿ ರಬ್ಬರು ಹರಿದು,
ದಾರ ಸವೆದು, ಒಳಗಿನ ಬೆತ್ತ ಇಣುಕುತ್ತಿತ್ತು.
ನನ್ನ ಬೆರಳು ಹಿಡಿದು ಅಲ್ಲಿ ಇಡಿಸಿದ.
ನಾಲ್ಕು ಬೆರಳು, ನಾಲ್ಕು ಕುಳಿ.
ಪ್ರವಾಹದಲ್ಲಿ ನಾಲೆ ದಾಟುವವನು ಹಗ್ಗ ಹಿಡಿಯೋದು ಹೀಗೆ, ಅಂದ.
ಮುಖ ಒಂದು ಹೇಳುತ್ತೆ, ಹಿಡಿ ಇನ್ನೊಂದು.
ಆಯ್ಕೆಗಾರರು ಹಿಡಿ ನೋಡಲ್ಲ.

ಮತ್ತೆ ಉಪ್ಪುಕಾಗದ ತೆಗೆದು ಉಜ್ಜತೊಡಗಿದ.
ಘುಮ್ಮನನ ಸಿಡುಬು, ಗೊಂದಲನ ಮೊಟ್ಟೆ,
ಎರಡೂ ಒಂದೇ ಬಣ್ಣದ ಪುಡಿಯಾಗಿ ನನ್ನ ಪಾದದ ಮೇಲೆ ಉದುರಿದವು.
ಅಗಸೆ ಎಣ್ಣೆ ಹಚ್ಚಿದ ಮೇಲೆ
ಯಾರ ಮುಖ ಯಾವುದೆಂದು
ಅವರವರ ತಾಯಂದಿರಿಗೂ ತಿಳಿಯುತ್ತಿರಲಿಲ್ಲ.

ಒಂಬತ್ತಕ್ಕೆ ಟೀವಿಯಲ್ಲಿ ಪಟ್ಟಿ.
ಟೈ ಕಟ್ಟಿದವನೊಬ್ಬ ಒಂದೊಂದೇ ಹೆಸರು ಓದಿದ,
ಬೀಗರಿಗೆ ಒಡವೆಯ ಲೆಕ್ಕ ಒಪ್ಪಿಸುವ ಹಾಗೆ.
ಹನ್ನೆರಡು. ಹದಿಮೂರು.
ಹದಿನಾಲ್ಕನೆಯದಕ್ಕೆ ಬಾಯಿ ತೆರೆದ,
ಕರೆಂಟು ಹೋಯಿತು.
ಬೈಗುಳ. ಒಡೆದ ಲೋಟ. ಚಪ್ಪಲಿಗಾಗಿ ತಡಕಾಟ.
ಜನರೇಟರ್ ಇರುವ ಆಸ್ಪತ್ರೆಯ ಕಡೆಗೆ ಎಲ್ಲ ಓಡಿದರು
ಯಾರ ಚಪ್ಪಲಿ ಯಾರ ಕಾಲಲ್ಲೋ.

ನಾನೂ ಹೊರಟೆ. ಹೊಸ್ತಿಲಲ್ಲಿ ನಿಂತೆ.
ಒಳಗೆ ದಾರ ಬಿಗಿಯುವ ಸದ್ದು, ಸರ್ರ್, ಸರ್ರ್.
ಆ ಕೆಲಸಕ್ಕೆ ಅವನಿಗೆ ಬೆಳಕು ಬೇಕಿರಲಿಲ್ಲ.
ಹಿಡಿಗೆ ಒಂದು ರಬ್ಬರು ಏರಿಸಿದ, ಅದರ ಮೇಲೆ ಇನ್ನೊಂದು.
ಯಾವ ಬ್ಯಾಟು ಅಂತ ನಾನು ಕೇಳಲಿಲ್ಲ.
ಎರಡು ಯಾಕೆ ಉಸ್ತಾದ್, ಅಂದೆ, ಹೇಳಿದ್ದು ಒಂದೇ ಅಲ್ವಾ?
ದಪ್ಪಗಿದ್ದರೆ ಮುಷ್ಟಿ ಪೂರ್ತಿ ಮುಚ್ಚಲ್ಲ,
ಅಂದಿತು ಕತ್ತಲು.
ಒಂದರ ದುಡ್ಡೇ ಹಾಕು.